ಹತ್ತು ಪೌಂಡಿಗೆ ಎರಡು ಔನ್ಸ್ ಕಡಿಮೆ

ಅಕ್ಕಾ,

ಟೆಕ್ಸಸ್‌ಗೆ ಬಂದು ಮೂರು ವಾರವಾಯಿತು. ಈ ಕೆರೆಯಲ್ಲಿ ಮುಳುಗಡೆಯಾದ ಕಾಡು ಸತ್ತರೂ ನಿಂತೇ ಇದೆ. ಆ ಬೋಳು ಮರಗಳ ನಡುವೆ ದೋಣಿ ನಡೆಸುತ್ತೇನೆ.

ನಿನ್ನೆ ನಾನು ಮೀನು ಹಿಡಿಸುವ ಗೈಡ್ ಆಗಿ ಕರೆದೊಯ್ದ ಮೊದಲ ಗಿರಾಕಿ, ಡಲ್ಲಾಸಿನ ಹಲ್ಲಿನ ಡಾಕ್ಟರು, ನನ್ನ ತೋಳುದ್ದದ ಬಾಸ್ ಮೀನು ಹಿಡಿದರು. ಹತ್ತು ಪೌಂಡು ತೂಗಿದರೆ ಇಲ್ಲಿನ ಗಾಳದಂಗಡಿಯ ಗೋಡೆಗೆ ಫೋಟೊ ಹಾಕಿ, ಕೆಳಗೆ ಗೈಡಿನ ಹೆಸರು ಬರೆಯುತ್ತಾರೆ. ಆ ಹೆಸರು ನೋಡಿಯೇ ಜನ ದೋಣಿ ಹತ್ತುವುದು. ನನ್ನ ತಕ್ಕಡಿ ಎರಡು ಔನ್ಸ್ ಕಡಿಮೆ ತೋರಿಸಿತು.

"ಅದರ ಬಾಯೊಳಗೊಂದು ಸೀಸದ ಗುಂಡು ತುರುಕೋ ಮಾರಾಯ. ಮೀನೇನು ಸಾಕ್ಷಿ ಹೇಳತ್ತಾ?" ಅಂದರು ಡಾಕ್ಟರು.

"ಆಗಲ್ಲ ಸಾರ್" ಎಂದು ಮೀನನ್ನು ನೀರಿಗೆ ಬಿಟ್ಟೆ. ದಡ ಸೇರಿದ್ದೇ ಅವರು ಗಾಳದಂಗಡಿಗೆ ಹೋಗಿ ಎಲ್ಲರೆದುರು ಇದನ್ನು ದೂರಿದರು.

ಅಂಗಡಿಯ ಅರ್ಲೀನಮ್ಮ, "ಸ್ಕೂಲನ್ನೂ ಹಿಂಗೇ ಹಟ ಮಾಡ್ಕೊಂಡು ಬಿಟ್ಟುಬಂದ್ಯೇನೋ?" ಎಂದು ಕೇಳಿದರು. ಹೌದು ಎಂದೆ. ಅವರು ನಕ್ಕರು, ಉಳಿದ ಗೈಡುಗಳು ನಗಲಿಲ್ಲ. ಗೋಡೆಯ ಮೇಲಿರುವ ಅವರ ಮೀನುಗಳನ್ನೂ ನಾನು ಅನುಮಾನಿಸಿದಂತಾಯಿತೋ ಏನೋ, ಇವತ್ತು ಬೆಳಿಗ್ಗೆ ತಿಂಡಿಗೆ ನನ್ನ ಮೇಜಿಗೆ ಒಬ್ಬರೂ ಬಂದು ಕೂರಲಿಲ್ಲ. ಈ ವಾರಕ್ಕೆ ಬೇರೆ ಗಿರಾಕಿಯೂ ಇಲ್ಲ. ಹೇಳಿಕೊಳ್ಳಲು ಯಾರೂ ಸಿಗದೆ ಈ ಕಾರ್ಡು ಕೊಂಡೆ.

ಅಂಗೈಗೆ ಗಾಳ ಚುಚ್ಚಿದ್ದು ಮಾಯುತ್ತಿದೆ, ಜ್ವರವಿಲ್ಲ. ಅಂಚೆಯವನು ಬಂದ, ಮುಗಿಸುತ್ತೇನೆ. ಅಮ್ಮ ಕೇಳಿದರೆ, "ನಿನ್ನ ಮಗನ ದೋಣಿಗೆ ದೊಡ್ಡ ಮೀನು ಬಿತ್ತಂತೆ" ಎನ್ನು. ಅವಳ ಸಂತೋಷಕ್ಕೆಂದು ಹತ್ತು ಪೌಂಡು ಅಂತ ಮಾತ್ರ ಹೇಳಬೇಡ.

ನಿನ್ನ ತಮ್ಮ,
ವೇಲನ್