ಗೋದಾಮಿನ ಹಿಂದಿನ ಬೆಕ್ಕುಗಳು

ಡ್ಯಾಂಡಿನಾಂಗ್, ಮೆಲ್ಬರ್ನ್
೧೮ ಮೇ ೨೦೨೫

ಪ್ರೀತಿಯ ಅಹಲ್ಯಾ,

ನಿನ್ನ ಪುಟ್ಟ ಸುಘೋಷ್ ರಾತ್ರಿಯಿಡೀ ಅತ್ತು ಸಿಡ್ನಿಯ ನಿಮ್ಮ ಪೆಂಡಲ್ ಹಿಲ್ ಬಡಾವಣೆಯನ್ನೇ ಎಬ್ಬಿಸುತ್ತಾನೆಂದು ನಿನ್ನ ಅಮ್ಮ ವಾಟ್ಸಾಪಿನಲ್ಲಿ ಬರೆದಿದ್ದರು. ನೀನು ನಿದ್ದೆ ಮಾಡುತ್ತಿದ್ದೀಯ ತಾನೇ? ಇಷ್ಟು ದಿನ ನಾನು ನಿನ್ನ ಫೋನ್ ಎತ್ತದೆ, ಮೆಸೇಜಿಗೆ ಬರೀ ಹೃದಯದ ಚಿತ್ರ ಕಳಿಸುತ್ತಿದ್ದೆ. ಬೈಯುವುದಿದ್ದರೆ ಬೈದುಬಿಡು. ಫೋನಿನಲ್ಲಿ ಆಗದ ಮಾತಿಗೆ ಕಾಗದವೇ ಸರಿ ಎಂದು ಕೂತಿದ್ದೇನೆ.

ಇಲ್ಲಿ ನನ್ನ ಸಂಸಾರ ದೊಡ್ಡದಾಗಿದೆ. ನಾನು ಕೆಲಸ ಮಾಡುವ ಗೋದಾಮಿನ ಹಿಂದೆ ಹತ್ತು ಹನ್ನೆರಡು ಬೀದಿಬೆಕ್ಕುಗಳಿವೆ. ಕಳೆದ ಬೇಸಿಗೆಯಲ್ಲಿ ಹುಟ್ಟಿದ ಮರಿಗಳಲ್ಲಿ ಹೆಚ್ಚಿನವು ಲಾರಿ, ಫೋರ್ಕ್‌ಲಿಫ್ಟ್‌ಗಳ ಕೆಳಗೆ ಹೋದವು. ಮಾರ್ಚ್‌ನಲ್ಲಿ ನಮ್ಮ ಮ್ಯಾನೇಜರ್, "ಇನ್ನು ಇವುಗಳನ್ನು ಹಿಡಿಸಿ ಸಾಗಿಸುತ್ತೇನೆ" ಎಂದ. ಸಾಗಿಸಿದರೆ ಅವು ಬದುಕುವುದಿಲ್ಲ, ಯಾರೂ ಮನೆಗೆ ಒಯ್ಯುವಂಥ ಬೆಕ್ಕುಗಳಲ್ಲ. ಅಂಥವನ್ನು ಇಲ್ಲಿ ಇಂಜೆಕ್ಷನ್ ಕೊಟ್ಟು ಸಾಯಿಸುತ್ತಾರೆ. "ಎಲ್ಲಕ್ಕೂ ಮರಿಯಾಗದಂತೆ ಆಪರೇಷನ್ ಮಾಡಿಸಿ, ನನ್ನ ಹೆಸರಿನಲ್ಲೇ ಗುರುತಿನ ಚಿಪ್ ಹಾಕಿಸುತ್ತೇನೆ. ಜವಾಬ್ದಾರಿ ನನ್ನದು" ಎಂದೆ. ಚಳಿಗಾಲದವರೆಗೆ ಗಡುವು ಕೊಟ್ಟ.

ಮೊಟ್ಟೆಯನ್ನೂ ಮುಟ್ಟದ ನಾನು ಕೈಗವಸು ಹಾಕಿಕೊಂಡು ಮೀನಿನ ಡಬ್ಬಿ ತೆರೆಯುತ್ತೇನೆ ಕಣೇ! ತೇಜಸ್ ಮೂಗು ಮುಚ್ಚಿಕೊಂಡೇ ಬೆಕ್ಕು ಹಿಡಿಯುವ ಬೋನು ಹೊರುತ್ತಾನೆ. ಕಚ್ಚಿಸಿಕೊಂಡು ಇಂಜೆಕ್ಷನ್ನೂ ಚುಚ್ಚಿಸಿಕೊಂಡ. "ಗಂಡ ಅನ್ನೋ ಪೋಸ್ಟಿಗೆ ಇದೆಲ್ಲ ಬರುತ್ತೆ ಅಂತ ಯಾರೂ ಹೇಳ್ಲಿಲ್ವಲ್ಲ" ಅನ್ನುತ್ತಾನೆ. ಆದರೂ ಮರುದಿನ ನನಗಿಂತ ಮೊದಲೇ ಕಾರಿನಲ್ಲಿ ಕೂತಿರುತ್ತಾನೆ.

ಇಲ್ಲಿನ ಕನ್ನಡದವರ ಯುಗಾದಿ ಊಟದಲ್ಲಿ ಸಂಧ್ಯಾರಾಣಿ ಆಂಟಿ ಸಿಕ್ಕಿದ್ದರು. ಎಲ್ಲರೆದುರಿಗೇ, "ಏನಮ್ಮ ಶ್ರೀವಿದ್ಯಾ, ನಿಂಗೇ ಇನ್ನೂ ಮಕ್ಕಳಾಗಿಲ್ಲ. ಅಂಥಾದ್ರಲ್ಲಿ ಬೆಕ್ಕುಗಳಿಗೆಲ್ಲ ಆಪರೇಷನ್ ಮಾಡಿಸ್ತಿದ್ಯಂತೆ? ಬಿಟ್ಬಿಡು, ಪಾಪ ತಟ್ಟುತ್ತೆ" ಎಂದರು.

"ಹುಟ್ಟಿದ ಮರಿಗಳು ಚಕ್ರದ ಕೆಳಗೆ ಸಾಯ್ತಿದ್ವಲ್ಲ ಆಂಟಿ, ಆ ಪಾಪ ಯಾರಿಗೆ ತಟ್ಟುತ್ತೆ?" ಎಂದೆ. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಕೊನೆಗೆ ಉಳಿದದ್ದು ಒಂದು ಬೂದು ಹೆಣ್ಣುಬೆಕ್ಕು. ವಾರಗಟ್ಟಲೆ ನಮ್ಮನ್ನು ಆಟವಾಡಿಸಿ, ಹಸಿವು ತಾಳದೆ ಬೋನಿಗೆ ಬಿತ್ತು. ಡಾಕ್ಟರು ಪರೀಕ್ಷಿಸಿ ಹೊರಗೆ ಬಂದರು. "ಇದು ಬಸುರಿ. ಈಗ ಆಪರೇಷನ್ ಮಾಡಿದರೆ ಮರಿಗಳು ಉಳಿಯುವುದಿಲ್ಲ. ಬಿಟ್ಟರೆ ಅದೇ ಗೋದಾಮಿನ ಅಂಗಳದಲ್ಲಿ ಮರಿ ಹಾಕುತ್ತದೆ. ತೀರಾ ಬಡಕಲಾಗಿದೆ, ಇನ್ನೊಂದು ಹೆರಿಗೆ ತಡೆಯುವುದೂ ಅನುಮಾನ. ನೀವೇ ಹೇಳಿ" ಎಂದರು. ಮನೆಗೆ ಒಯ್ಯೋಣವೆಂದರೆ, ಅದು ಬೋನಿನ ಕಂಬಿಗೆ ಗುದ್ದಿ ಗುದ್ದಿ ಮೂಗು ಒಡೆದುಕೊಂಡಿತ್ತು. ತೇಜಸ್ ನನ್ನ ಕೈ ಹಿಡಿದುಕೊಂಡ.

"ಮಾಡಿ" ಎಂದೆ.

ಬೂದು ಬೆಕ್ಕನ್ನು ಮತ್ತೆ ಅಂಗಳಕ್ಕೆ ಬಿಟ್ಟಾಗ ತಿರುಗಿ ನೋಡದೆ ಓಡಿತು. ಈಗ ಬಿಸಿಲು ಬಿದ್ದಲ್ಲಿ ಮಲಗಿರುತ್ತದೆ, ಮೈ ತುಂಬಿಕೊಂಡಿದೆ. ಮ್ಯಾನೇಜರ್ ಮಳೆಗೆಂದು ಒಂದು ತಗಡಿನ ಗೂಡನ್ನೂ ಹಾಕಿಸಿಕೊಟ್ಟಿದ್ದಾನೆ. ಪಕ್ಕದ ಪೇಂಟ್ ಫ್ಯಾಕ್ಟರಿಯ ಹಿಂದೆಯೂ ಬೆಕ್ಕುಗಳಿವೆಯಂತೆ. ನಾಳೆ ಅಲ್ಲಿಗೆ ಹೋಗಿ ಮಾತಾಡುತ್ತೇನೆ.

ಸುಘೋಷ್‌ಗೆ ನನ್ನ ಮುತ್ತು. ಅವನ ಆಯುಸ್ಸು ಗಟ್ಟಿಯಾಗಿರಲಿ, ಬಾಣಂತಿಗೆ ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಸಿಗಲಿ.

ನಿನ್ನ,
ಶ್ರೀವಿದ್ಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೆಳಗಿಟ್ಟದ್ದು. ಫೆಬ್ರವರಿಯಲ್ಲಿ ನನ್ನ ಹೊಟ್ಟೆಯಲ್ಲಿದ್ದ ಮಗು ನಾಲ್ಕನೇ ತಿಂಗಳಲ್ಲೇ ಹೋಯಿತು. ಐದು ತುಂಬಲಿ, ಆಮೇಲೆ ಎಲ್ಲರಿಗೂ ಹೇಳೋಣ ಎಂದುಕೊಂಡಿದ್ದೆವು. ನೀನಾಗ ತುಂಬುಬಸುರಿ, ನಿನ್ನ ಕಿವಿಗೆ ಬೀಳಬಾರದೆಂದು ತೇಜಸ್‌ನಿಂದ ಆಣೆ ಹಾಕಿಸಿದ್ದೆ. ಆ ಬೂದು ಬೆಕ್ಕನ್ನು ಡಾಕ್ಟರ ಕೈಗೆ ಕೊಟ್ಟು ಬಂದು, ಕಾರಿನಲ್ಲಿ ಜೋರಾಗಿ ಅತ್ತೆ. ಆದರೆ ವಾಪಸ್ ಹೋಗಿ ಬೇಡವೆನ್ನಲಿಲ್ಲ. ಜೂನ್‌ನಲ್ಲಿ ಸಿಡ್ನಿಗೆ ಬರುತ್ತೇನೆ ಅಹಲ್ಯಾ. ಬಂದ ಕೂಡಲೇ ಮಗುವನ್ನು ನನ್ನ ಮಡಿಲಿಗೆ ಹಾಕು. ನನ್ನ ಮುಖ ನೋಡಿ ಹಿಂಜರಿಯಬೇಡ.