ಬೆಂಕಿಗೆ ಕೈ ಇಟ್ಟವಳು

ಭಾನುವಾರ, ಮಾರ್ಚ್ ೯
ಅಂಗಡಿಯ ಮೇಜಿನಿಂದ

ದೊಡ್ಡ ಲೇಖಕಿಯಾಗಿಬಿಟ್ಟ ನನ್ನ ಮಿಡತೆಗೆ,

ಅಕ್ಕನ ಆಶೀರ್ವಾದ. ಅದನ್ನು ಈಗಲೇ ತೆಗೆದುಕೊಂಡುಬಿಡು, ಮುಂದೆ ಬರುವುದೆಲ್ಲ ಬೈಗುಳ.

ನಿನ್ನ ಪುಸ್ತಕ ತಲುಪಿತು. ಜೊತೆಗಿದ್ದ ಚೀಟಿಯೂ ತಲುಪಿತು. ಓದಿ ನೋಡು ಅಕ್ಕಾ, ನಿನಗೆ ಬೇಡ ಅನ್ನಿಸಿದರೆ ಎರಡನೇ ಭಾಗ ಬರೆಯುವುದಿಲ್ಲ ಅಂತ ಬರೆದಿದ್ದೀಯ. ಮೊದಲ ಭಾಗ ಬರೆಯುವಾಗ ಈ ವಿನಯ ಎಲ್ಲಿ ಹೋಗಿತ್ತು? ಅಚ್ಚಾಗಿ, ಅಂಗಡಿ ಸೇರಿ, ನನ್ನ ಮಗಳ ಶಾಲೆಯ ಅರ್ಧ ಹುಡುಗಿಯರು ಓದಿ ಮುಗಿಸಿದ ಮೇಲೆ ಅಕ್ಕನ ಅಪ್ಪಣೆ ಬೇಕಾಯಿತೇ?

ನಾಲ್ಕು ದಿನದಲ್ಲಿ ಓದಿದೆ, ಇಸ್ತ್ರಿ ಮೇಜಿನ ತುದಿಗೆ ಒರಗಿಸಿಟ್ಟುಕೊಂಡು. ಮೂರನೇ ಪುಟದಲ್ಲೇ ನಾನು ಸತ್ತೆ. ನಿನ್ನ ನಾಯಕಿ ಕೆಂಡಗೈಗೆ ಒಬ್ಬ ಅಕ್ಕ, ಅವಳಿಗೆ ಒಂದು ಜ್ವರ, ಎರಡು ಸಾಲು, ಮುಗಿಯಿತು. ಕೊಲ್ಲುವುದಾದರೆ ಕೊಲ್ಲು, ಬೇಡ ಅನ್ನುವುದಿಲ್ಲ. ಆದರೆ ಸತ್ತವಳ ಕೈ ಕಿತ್ತು ನಾಯಕಿಗೆ ಅಂಟಿಸಿದ್ದೀಯಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿದೆ. ಬಲಗೈ. ಅಂಗೈ ತುಂಬ ಸುಟ್ಟ ಗುರುತು. ಪೂರ್ತಿ ಬಿಡಿಸಲಾಗದ ಕೊನೆಯ ಎರಡು ಬೆರಳು. ಇದು ಬೇರೆ ಯಾರದೋ ಕೈ ಅಂತ ಯಾರ ಕಿವಿಗೆ ಹೂ ಇಡುತ್ತೀಯ?

ಅವಳ ಅಂಗೈ ಕತ್ತಲಲ್ಲಿ ಹೊಳೆಯುತ್ತದಂತೆ. ಎತ್ತಿ ಹಿಡಿದರೆ ಡ್ರ್ಯಾಗನ್‌ಗಳು ತಲೆ ಬಾಗಿಸುತ್ತವಂತೆ. ನನ್ನದು ಹೊಳೆಯುವುದಿಲ್ಲ ಕಣೇ. ಚಳಿಗೆ ಬಿರಿಯುತ್ತದೆ, ಅಂಗಿಯ ಗುಂಡಿ ಹಾಕಲೂ ಬರುವುದಿಲ್ಲ. ಎಡಗೈಯಲ್ಲಿ ಕಾಲರ್ ಇಸ್ತ್ರಿ ಮಾಡುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು, ಅದಕ್ಕೆ ನಿನ್ನ ಕಾದಂಬರಿಯಲ್ಲಿ ಒಂದು ಸಾಲೂ ಇಲ್ಲ. ಮೊನ್ನೆ ಮಗಳು ಅಂಗೈಗೆ ಕೆಂಪು ಸ್ಕೆಚ್ ಪೆನ್ನು ಬಳಿದುಕೊಂಡು ಬಂದು, ಅಮ್ಮಾ ನಿನ್ನ ಕೈಗೂ ಶಕ್ತಿ ಇದೆಯಾ ಅಂತ ಕೇಳಿದಳು. ಇದೆ, ಕೆನ್ನೆ ಮುಂದೆ ತಾ ಎಂದೆ. ನಗುತ್ತಾ ಓಡಿದಳು. ನನಗೆ ನಗು ಬರಲಿಲ್ಲ.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಹನ್ನೊಂದನೇ ಅಧ್ಯಾಯಕ್ಕೆ. ಕುಲುಮೆ ಧಗಧಗ ಉರಿಯುತ್ತಿದೆ, ಸುಡುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತು, ಆದರೂ ತಾನಾಗಿಯೇ ಕೈ ಇಡುತ್ತಾಳೆ. ಯಾವ ಹುಡುಗಿ ಗೊತ್ತಿದ್ದೂ ಬೆಂಕಿಗೆ ಕೈ ಇಡುತ್ತಾಳೆ? ಬರೀ ಸುಳ್ಳು. ನಿಜ ಏನು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನಗೆ ಹದಿಮೂರು, ನಿನಗೆ ಹತ್ತು. ಅಪ್ಪನ ಕಟ್ಟುನಿಟ್ಟು ಮರೆತೆಯಾ? ಸಂಜೆ ಕೆಲಸ ಮುಗಿದ ಮೇಲೆ ಒಬ್ಬರು ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಒದ್ದೆ ಬೆರಳು ತಾಗಿಸಿ ನೋಡಿ, ಆರಿದೆ ಅಂತ ಕೂಗಬೇಕು. ಕೂಗಿದ ಮೇಲೆಯೇ ಇನ್ನೊಬ್ಬರು ಬಟ್ಟೆ ಹಿಡಿದು ತಳ ಉಜ್ಜಬೇಕು. ಕೂಗುವವಳು ನೀನು, ಉಜ್ಜುವವಳು ನಾನು. ನೀನು ಸ್ಟೂಲಿನ ಮೇಲೆ ಕೂತು ಯಾವುದೋ ರಾಜಕುಮಾರಿಯ ಕಥೆಯಲ್ಲಿ ಮುಳುಗಿದ್ದೆ. ಬೆರಳು ತಾಗಿಸಲಿಲ್ಲ, ತಲೆ ಕೂಡ ಎತ್ತಲಿಲ್ಲ. ಆರಿದೆ ಎಂದೆ. ನಾನು ಹಳೆಯ ನೈಲಾನ್ ಬಟ್ಟೆಯ ಸಮೇತ ಅಂಗೈ ಊರಿದೆ.

ಓಡಿ ಬಂದ ಅಪ್ಪನಿಗೆ ನಾನು, ಅವಳು ಬಿಸಿ ಇದೆ ಅಂತಲೇ ಹೇಳಿದಳು, ನಾನೇ ಕೇಳಿಸಿಕೊಳ್ಳಲಿಲ್ಲ ಎಂದೆ. ನಿನ್ನ ಮೈಮೇಲೆ ಒಂದು ಏಟೂ ಬೀಳಲಿಲ್ಲ. ಅಪ್ಪ ಮಾತ್ರ ಸಾಯುವವರೆಗೂ ನನ್ನನ್ನು ಮೈಮೇಲೆ ಎಚ್ಚರವಿಲ್ಲದವಳು ಅಂತಲೇ ಕರೆದರು. ಬರೆಯುವುದಾದರೆ ಅದನ್ನು ಬರೆಯಬೇಕಿತ್ತು. ಆರಿದೆ ಅಂದವಳು ನಿನ್ನ ನಾನೂರು ಪುಟದಲ್ಲಿ ಎಲ್ಲೂ ಇಲ್ಲ. ಎಷ್ಟು ಜಾಣತನದಿಂದ ನುಣುಚಿಕೊಂಡೆ!

ಇಷ್ಟು ಬೈದರೂ ಒಂದು ಮಾತು ಮುಚ್ಚಿಡಲಾರೆ. ಆ ಹಾಳಾದ ಕೆಂಡಗೈ ನನಗೆ ಇಷ್ಟವಾದಳು. ಮುದಿ ಗುರು ತಾಳ್ಮೆ ಕಲಿ ಅಂದಾಗ, ಅದನ್ನು ನಿಮ್ಮ ರಾಜನಿಗೆ ಯಾಕೆ ಕಲಿಸಲಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಕೇಳುತ್ತಾಳಲ್ಲ, ಅದನ್ನು ಮೂರು ಸಲ ಓದಿದೆ. ಓದುತ್ತಾ ಬ್ಯಾಂಕ್ ಮ್ಯಾನೇಜರರ ಬಿಳಿ ಅಂಗಿ ಸೀಯಿಸಿದೆ. ಅವರು ಬಂದು ಕೂಗಾಡಿದಾಗ ಎಂದಿನಂತೆ ತಲೆ ತಗ್ಗಿಸಲಿಲ್ಲ. ತಪ್ಪು ನನ್ನದೇ, ಹೊಸ ಅಂಗಿ ತಂದುಕೊಡುತ್ತೇನೆ, ಆದರೆ ಏಕವಚನ ಬೇಡ ಎಂದೆ. ಅವರು ಹೋದ ಮೇಲೆ, ಆ ಧೈರ್ಯ ನನ್ನದಲ್ಲ, ಅವಳಿಂದ ಬಂದದ್ದು ಅಂತ ಹೊಳೆದು ಮತ್ತೆ ಸಿಟ್ಟು ಬಂತು.

ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಬರುತ್ತೀಯ. ನನ್ನನ್ನು ಏಳಗೊಡದೆ ಬಟ್ಟೆ ಒಗೆದು, ಪಾತ್ರೆ ತೊಳೆದು, ಮಗಳ ತಲೆ ಬಾಚಿ ಹೋಗುತ್ತೀಯ. ಒಂದು ಸಲವೂ ನನ್ನ ಕೈ ಕಡೆ ನೋಡಿಲ್ಲ, ಆ ದಿನದ ಮಾತೆತ್ತಿಲ್ಲ. ನನ್ನೆದುರು ಎತ್ತದ ಮಾತನ್ನು ಊರಿನವರೆದುರು ಯಾಕೆ ಎತ್ತಿದೆ? ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ. ಎರಡನೇ ಭಾಗ ಬೇಡ.

ಸಿಟ್ಟು ಇನ್ನೂ ಇಳಿಯದ,
ನಿನ್ನ ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಾಕಿ ಮತ್ತೆ ಒಡೆದೆ. ಹನ್ನೊಂದನೇ ಅಧ್ಯಾಯ ಸುಳ್ಳಲ್ಲ. ಅವತ್ತು ಬಿಸಿ ಇದೆ ಅಂತ ನನಗೆ ಗೊತ್ತಿತ್ತು. ಬಗ್ಗಿದಾಗಲೇ ಮುಖಕ್ಕೆ ಝಳ ಹೊಡೆದಿತ್ತು. ನಾನು ದುಡಿಯುತ್ತಿದ್ದೆ, ನೀನು ಹಾಯಾಗಿ ಓದುತ್ತಾ ಕೂತಿದ್ದೆ. ಒಂದು ಸಣ್ಣ ಬೊಬ್ಬೆ ಎದ್ದರೆ ಸಾಕು, ಅಪ್ಪ ನಿನ್ನ ಚರ್ಮ ಸುಲಿಯುತ್ತಾರೆ ಅಂತಲೇ ಕೈ ಇಟ್ಟೆ. ಬಟ್ಟೆ ಕರಗಿ ಅಂಟಿಕೊಳ್ಳುತ್ತದೆ ಅಂತ ಗೊತ್ತಿರಲಿಲ್ಲ. ನಿನ್ನ ಮುಖ ಬಿಳಿಚಿಕೊಂಡದ್ದನ್ನು ನೋಡಿ ಚಾಡಿ ಹೇಳಲು ಬಾಯಿ ಬರಲಿಲ್ಲ, ಅಷ್ಟೇ. ಅದು ತ್ಯಾಗವಲ್ಲ. ನೀನು ಎರಡನೇ ಭಾಗ ಬರಿ. ಈ ನಿಜವನ್ನು ನಾನು ಎಂದೋ ಹೇಳಬಹುದಿತ್ತು. ಹೇಳಿಬಿಟ್ಟರೆ ನೀನು ಬರುವುದು ನಿಂತೀತು ಅಂತ ಇಪ್ಪತ್ತಾರು ವರ್ಷ ಹೇಳಲಿಲ್ಲ.