ನಲವತ್ತು ದಿನಕ್ಕೆ ಕೊಟ್ಟ ಊರಿನ ಹೆಸರು

ಕೆಂಚಮರಡಿ
ಫೆಬ್ರುವರಿ ೩೦, ೨೧೪೭

ನಿಮ್ಮ ಕಾಲದಲ್ಲಿ ನಮ್ಮ ಗರಡಿಯನ್ನು ನೋಡಿಕೊಳ್ಳುತ್ತಿರುವ ಹಿರಿಯರಿಗೆ,

ನಿಮ್ಮ ಫೆಬ್ರುವರಿಯಲ್ಲಿ ಮೂವತ್ತನೆಯ ದಿನವಿಲ್ಲವೆಂದು ಬಲ್ಲೆ. ಹಿಂದೊಮ್ಮೆ ಒಂದು ವಿಶ್ವ ಕ್ರೀಡಾಕೂಟದ ಪ್ರಾಯೋಜಕರಿಗೆ ತಿಂಗಳು ಎರಡು ದಿನ ಸಾಲದೇ ಹೋಯಿತು. ಸೇರಿಸಿದರು, ಆಮೇಲೆ ತೆಗೆಯಲಿಲ್ಲ. ನನ್ನ ಮಾತುಗಳಲ್ಲಿ ಇಂಥ ವಿಚಿತ್ರ ಇನ್ನೂ ಕೆಲವಿವೆ, ಮನ್ನಿಸಿ ಓದಿರಿ. ನಾನು ಹತ್ತನೆಯ ತರಗತಿ ಓದಿದವಳು. ಸುತ್ತಿ ಬಳಸಿ ಬರೆಯಲು ಬಾರದು.

ನಮ್ಮಲ್ಲಿ ಹೆಸರುಗುತ್ತಿಗೆ ಎಂಬುದಿದೆ. ಕೂಟ ನಡೆಯುವ ಊರು ತನ್ನ ಹೆಸರನ್ನು ನಲವತ್ತು ದಿನ ಕಂಪನಿಗೆ ಬಿಟ್ಟುಕೊಡುತ್ತದೆ. ಈ ವರ್ಷ ಮಹಿಳೆಯರ ವಿಶ್ವ ಕುಸ್ತಿ ನಮ್ಮೂರಿಗೆ ಬಂದಿತು. ಝೆನೋರಾ ಎಂಬ ಪಾನೀಯ ಮಾರುವವರು ಗುತ್ತಿಗೆ ಹಿಡಿದರು. ನಾವು ಝೆನೋರಾಪುರದವರಾದೆವು. ಬಸ್ಸಿನ ಬೋರ್ಡು, ಶಾಲೆಯ ಹಾಜರಿ ಪುಸ್ತಕ, ಗಿರಣಿಯ ಹಿಟ್ಟಿನ ಚೀಲ, ಎಲ್ಲದರ ಮೇಲೂ ಅದೇ. ಖಾನಾವಳಿಯ ಈರವ್ವ ತನ್ನ ಬೋರ್ಡಿನ ಮೇಲೆ ಹಳೇ ಸೀರೆ ಹೊದಿಸಿ, ಕೇಳಿದವರಿಗೆಲ್ಲ, “ನಮ್ಮೂರು ಬಾಣಂತನಕ್ಕ ಕುಂತೈತ್ರಿ, ನಲವತ್ತು ದಿನ ಹೊರಗ ಬರಂಗಿಲ್ಲ” ಎನ್ನುತ್ತಿದ್ದಳು.

ಗರಡಿಯ ಹಿರಿಯಳೆಂದು, ಊರಿನ ಪರವಾಗಿ ಆ ಗುತ್ತಿಗೆಯ ಕಾಗದಕ್ಕೆ ಸಹಿ ಹಾಕಿದವಳು ನಾನೇ. ಯಾರೂ ಒತ್ತಾಯ ಮಾಡಲಿಲ್ಲ. ಮದುವೆಯ ಊಟಕ್ಕೆ ಗರಡಿಯ ಅಂಗಳ ಕೊಟ್ಟರೆ ಗುಡಿಸಿ ವಾಪಸು ಕೊಡುತ್ತಾರಲ್ಲ, ಹೆಸರೂ ಹಾಗೆಯೇ ಎಂದುಕೊಂಡೆ.

ನಮ್ಮ ಪದ್ಧತಿ ನಿಮ್ಮಿಂದಲೇ ಬಂದದ್ದು. ಕುಸ್ತಿಗೆ ಕೈ ಹಿಡಿಯುವ ಮೊದಲು ಇಬ್ಬರೂ ಒಬ್ಬರ ಭುಜಕ್ಕೊಬ್ಬರು ಕಣದ ಮಣ್ಣು ಸವರಿ, ತಂತಮ್ಮ ಊರಿನ ಹೆಸರು ಹೇಳಬೇಕು. ಹೇಳದವಳ ಜೊತೆ ಕುಸ್ತಿ ಇಲ್ಲ. ಕೂಟದ ನಿಯಮ ಬೇರೆ. ಗುತ್ತಿಗೆಯಲ್ಲಿಲ್ಲದ ಊರಿನ ಹೆಸರನ್ನು ಕುಸ್ತಿ ನಡೆಯುವ ಬೇಲಿಯೊಳಗೆ ಯಾರಾದರೂ ಉಚ್ಚರಿಸಿದರೆ ಒಂದು ಅಂಕ ಕಳೆಯುತ್ತಾರೆ.

ನನ್ನ ಮೊಮ್ಮಗಳು ಕಸ್ತೂರಿ ಅಂತಿಮ ಸುತ್ತಿಗೆ ಬಂದಾಗ ಈ ನಿಯಮ ತಿಳಿಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: “ಆಯಿ, ಬೋರ್ಡಿನ ಮ್ಯಾಲಿನ ಹೆಸರು ಕೊಟ್ಟಿ, ಇರಲಿ. ನನ್ನ ಬಾಯಾಗಿಂದೂ ಕೊಟ್ಟಿಯೇನ?”

“ಕೊಟ್ಟೀನಿ. ಬಾಯಿ ಮುಚ್ಚಿಕೊಂಡು ಕುಸ್ತಿ ಹಿಡಿ” ಎಂದೆ. ಕೊಟ್ಟ ಮಾತು ತಪ್ಪುವ ಮನೆಯಲ್ಲ ನಮ್ಮದು.

ಎದುರಾಳಿ ಮಂಗೋಲಿಯಾದ ಓಯುನ್. ಕೂಟಕ್ಕೆ ಮುಂಚೆ ಒಂದು ವಾರ ನಮ್ಮ ಮನೆಯಲ್ಲೇ ಉಂಡು, ನಮ್ಮ ಕಣದಲ್ಲೇ ಅಭ್ಯಾಸ ಮಾಡಿದ ಹುಡುಗಿ. ಅಂತಿಮ ಸುತ್ತಿನ ದಿನ ಮಾತ್ರ ಕಣವಿರಲಿಲ್ಲ, ಝೆನೋರಾ ಎಂದು ಬರೆದ ಮ್ಯಾಟ್ ಇತ್ತು, ಮಣ್ಣಿರಲಿಲ್ಲ. ಓಯುನ್ ಬರಿಗೈಯಲ್ಲೇ ಕಸ್ತೂರಿಯ ಭುಜ ಸವರಿ, ತನ್ನ ಊರಿನ ಹೆಸರು ಹೇಳಿದಳು. ಒಂದು ಅಂಕ ಹೋಯಿತು. ಅವಳು ಅಂಕದ ಫಲಕದ ಕಡೆ ನೋಡಲಿಲ್ಲ. ಕೈ ಹಿಂದಕ್ಕೆ ಕಟ್ಟಿ, ಉತ್ತರಕ್ಕಾಗಿ ಕಾದು ನಿಂತಳು. ಕುಸ್ತಿ ಬಿಡಿಸುವ ಪಂಚ ಎರಡು ಸಲ ಸೀಟಿ ಊದಿದ.

ಕಸ್ತೂರಿ ನಾನು ಕುಳಿತಲ್ಲಿಗೆ ತಿರುಗಿದಳು. ನಮ್ಮ ಮನೆಯ ಅನ್ನ ಉಂಡ ಪರದೇಶದ ಹುಡುಗಿ ನಮ್ಮ ಪದ್ಧತಿ ಹಿಡಿದು ನಿಂತಿದ್ದಾಳೆ, ನಾನು ಕಾಗದ ಹಿಡಿದು ಕೂತಿದ್ದೇನೆ. ಹೇಳು ಎಂದು ತಲೆಯಾಡಿಸಿದೆ. ಕಸ್ತೂರಿ ಅವಳ ಭುಜ ಸವರಿ “ಕೆಂಚಮರಡಿ” ಎಂದಳು. ನಮ್ಮವಳದೂ ಒಂದು ಅಂಕ ಹೋಯಿತು. ಆಮೇಲೆ ಕುಸ್ತಿಯಾಯಿತು. ಓಯುನ್ ಗೆದ್ದಳು, ನ್ಯಾಯವಾಗಿಯೇ ಗೆದ್ದಳು. ನಮ್ಮವಳ ಬೆಳ್ಳಿ ಪದಕದಲ್ಲಿ ಊರು ಝೆನೋರಾಪುರ ಎಂದಿದೆ. ಅದನ್ನು ಗರಡಿಯಲ್ಲಿ ತೂಗುಹಾಕಲು ನಾನು ಬಿಟ್ಟಿಲ್ಲ.

ಇಂಥ ಕಾಗದಗಳಲ್ಲಿ ಮೊದಲನೆಯದು ನಿಮ್ಮ ಕಾಲದಲ್ಲೇ ಬರುತ್ತದೆ. ಬೋರ್ಡು ಕೇಳಿದರೆ ಕೊಡಿರಿ, ಗೋಡೆ ಕೇಳಿದರೂ ಕೊಡಿರಿ. ಹೆಸರು ಕೇಳಿದರೆ, ಕಣಕ್ಕೆ ಇಳಿಯುವ ಹುಡುಗಿಯನ್ನು ಕರೆದು ಕೇಳಿರಿ. ನಾನು ಕೇಳಲಿಲ್ಲ.

ಗುತ್ತಿಗೆ ಮುಗಿಯಲು ಇನ್ನೂ ಆರು ದಿನವಿದೆ. ಈ ಪತ್ರದ ತಲೆಯಲ್ಲಿ ನಾನು ಬರೆದ ಊರು ಈ ಹೊತ್ತಿಗೆ ತಪ್ಪು. ಗೊತ್ತಿದ್ದೇ ಬರೆದೆ, ಕೆಳಗೂ ಬರೆಯುತ್ತೇನೆ.

ನಾಗಲಿಂಗವ್ವ,
ಕೆಂಚಮರಡಿಯವಳು